ದೂಮಣ್ಣ ಬರೆಯದ ಬೋರ್ಡು

ದೂಮಣ್ಣನ ಬಲಗಿವಿಯ ಮೇಲೆ ಯಾವಾಗಲೂ ಒಂದು ಬ್ರಷ್ ಇರುತ್ತಿತ್ತು. ಅದು ಅಲ್ಲಿಂದ ಇಳಿಯಬೇಕಾದರೆ ಊರಿನ ಹೆಸರಿನ ಬೋರ್ಡು ಬರೆಸಲು ಬಂದವರು ಮೊದಲು ಪರೀಕ್ಷೆ ಪಾಸಾಗಬೇಕು. ಒಂದೇ ಪ್ರಶ್ನೆ: "ಆ ಜಾಗಕ್ಕೆ ಆ ಹೆಸರು ಯಾಕೆ ಬಂತು?" ಗೊತ್ತಿಲ್ಲ ಎಂದವರನ್ನು ಅವರು ಕೂರಿಸುತ್ತಲೂ ಇರಲಿಲ್ಲ. "ಊರಿಗೆ ಹೋಗಿ ಹಿರಿಯರ ಹತ್ತಿರ ಕೇಳಿಕೊಂಡು ಬನ್ನಿ ಮಾರಾಯ್ರೆ. ಕಾರಣ ಗೊತ್ತಿಲ್ಲದೆ ಬರೆದರೆ ನನ್ನ ಅಕ್ಷರ ಸೊಟ್ಟ ಆಗ್ತದೆ" ಎಂದು ಬಂದ ದಾರಿಗೇ ಕಳಿಸಿಬಿಡುತ್ತಿದ್ದರು.

ಮಡಂತ್ಯಾರು ಪೇಟೆಯ ಒಂದು ಮೂಲೆಯಲ್ಲಿ ಅವರ ಕೋಣೆ. ಮುಂದಿನ ಅರ್ಧ ಅಂಗಡಿ, ಹಿಂದಿನ ಅರ್ಧ ಮನೆ. ಮದುವೆಯಾಗಿರಲಿಲ್ಲ. ಮೂಡುಬಿದಿರೆಯಿಂದ ಬೆಳ್ತಂಗಡಿಯ ತನಕ ಎಂಟು ಮನೆ, ಹತ್ತು ಮನೆಯ ಜಾಗಗಳ ಬೋರ್ಡುಗಳೆಲ್ಲ ಅವರ ಕೈಯವು. ಪಕ್ಕದ ಟೈಲರ್ ಹಮೀದಾಕನ ಊರಿನ ಹೆಸರು ಅರ್ಧಚಾ. ಹಿಂದೆ ಅಲ್ಲಿನ ಚಾ ಅಂಗಡಿಯ ಮುಂದೆ ಬಸ್ಸು ನಿಲ್ಲುತ್ತಿತ್ತಂತೆ. ಡ್ರೈವರು ಅರ್ಧ ಚಾ ಕುಡಿಯುವಷ್ಟರಲ್ಲಿ ಟೈಮಾಗಿ, ಉಳಿದದ್ದನ್ನು ಬಿಟ್ಟು ಹೊರಡುತ್ತಿದ್ದನಂತೆ. "ನಿಮ್ಮ ಊರಿನವರು ಪೂರ್ತಿ ಚಾ ಕೊಟ್ಟದ್ದೇ ಇಲ್ಲ ಹಮೀದಾಕ" ಎಂದು ದೂಮಣ್ಣ ದಿನಕ್ಕೊಮ್ಮೆಯಾದರೂ ಕೆಣಕುತ್ತಿದ್ದರು. ಕೋರ್ಟುಗುಡ್ಡೆಯ ಕಥೆಯೂ ಅವರಿಗೆ ಪ್ರೀತಿಯದು. ಗಡಿಯ ಮೇಲಿನ ಒಂದು ಹಲಸಿನ ಮರಕ್ಕಾಗಿ ಎರಡು ಮನೆಯವರು ಬಂಟ್ವಾಳದ ಕೋರ್ಟಿಗೆ ಅಲೆದು ಅಲೆದು ಚಪ್ಪಲಿ ಸವೆಸಿದರು. ತೀರ್ಪು ಬರುವ ಹೊತ್ತಿಗೆ ಮರ ಬಿದ್ದು ಒಲೆ ಸೇರಿತ್ತು. "ಮರ ಹೋಯ್ತು, ಜಗಳ ಹೋಯ್ತು, ಹೆಸರು ಮಾತ್ರ ಉಂಟು ನೋಡಿ" ಎಂದು ನಗುತ್ತಿದ್ದರು.

ನಾನು ಆ ಕೋಣೆಯ ಮೆಟ್ಟಿಲು ಹತ್ತಿದ್ದು ನನ್ನ ಊರಿನ ಹೆಸರು ಅಳಿಸುವುದಕ್ಕೆ. ನಮ್ಮದು ಏಳು ಮನೆಯ ಜಾಗ, ಹೆಸರು ಮರ್ಲಿಕಟ್ಟೆ. ತುಳುವಿನಲ್ಲಿ ಮರ್ಲಿ ಎಂದರೆ ಹುಚ್ಚಿ. ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಅಲ್ಲಿ ಜಾಗ ಕೊಂಡರು. ಅಂದಿನಿಂದ ಕಂಡಕ್ಟರು "ಮರ್ಲಿಕಟ್ಟೆ ಯಾರುಂಟು?" ಎಂದು ಕೂಗಿದಾಗಲೆಲ್ಲ ಬಸ್ಸಿನವರು ಕತ್ತು ತಿರುಗಿಸಿ, ಇಳಿಯುತ್ತಿದ್ದ ನನ್ನನ್ನು ನೋಡಿ ನಗುತ್ತಿದ್ದರು. ನನ್ನನ್ನು ನೋಡಲು ಬಂದ ಒಂದು ಸಂಬಂಧದವರು ಅಂಗಳದಲ್ಲೇ ಈ ಹೆಸರನ್ನು ತಮಾಷೆ ಮಾಡಿ ಎದ್ದು ಹೋಗಿದ್ದರು. ನಾನು ಟೀಚರಾದೆ, ಮದುವೆಯಾಗಿ ಅಪ್ಪನ ಜಾಗದಲ್ಲೇ ಉಳಿದೆ. ಮಗಳು ಹೈಸ್ಕೂಲಿಗೆ ಸೇರಿ, ವಿಳಾಸ ಬರೆಯಲಾರೆ ಎಂದು ಅತ್ತ ದಿನ ನನ್ನ ತಾಳ್ಮೆ ಮುಗಿಯಿತು. ಮನೆಮನೆಗೆ ಹೋಗಿ ಸಹಿ ಹಾಕಿಸಿದೆ. ಪಂಚಾಯಿತಿಯವರು ಒಪ್ಪಿದರು. ಹೊಸ ಹೆಸರು ಶಾಂತಿನಗರ.

"ಹಳೆಯ ಹೆಸರು ಯಾಕೆ ಬಂತು ಟೀಚರೇ?" ದೂಮಣ್ಣ ಕೇಳಿದರು.

"ಯಾರೋ ಒಬ್ಬಳು ಹುಚ್ಚಿ ಅಲ್ಲಿ ಕಟ್ಟೆಯಲ್ಲಿ ಕೂತುಕೊಳ್ತಿದ್ದಳಂತೆ."

"ಯಾರೋ ಅಲ್ಲ. ಅದು ನನ್ನ ಅಮ್ಮ."

ಅವರಿಗೆ ನಮ್ಮ ಊರಿನ ಸಂಬಂಧವಿತ್ತೆಂಬುದೇ ನನಗೆ ತಿಳಿದಿರಲಿಲ್ಲ. ಅವರು ಸ್ಟೂಲು ಮುಂದೆ ತಳ್ಳಿದರು.

"ನನ್ನ ಅಕ್ಕನಿಗೆ ಏಳು ವರ್ಷ. ಶಾಲೆಯಿಂದ ಬರುವಾಗ ತುಂಬಿದ ತೋಡಿನ ಮೇಲೆ ಅಡಿಕೆ ಮರದ ಸಂಕ ದಾಟ್ತಾ ಜಾರಿ ನೀರಿಗೆ ಬಿದ್ದಳು. ಮೂರನೇ ದಿನ ಸಿಕ್ಕಿದ್ದು. ಮತ್ತೆ ಅಮ್ಮ ದಿನಾ ಬೆಳಿಗ್ಗೆ, ಸಾಯಂಕಾಲ ಸಂಕದ ಬುಡದ ಕಟ್ಟೆಯಲ್ಲಿ ಕೂತುಕೊಳ್ತಿದ್ದರು. ಶಾಲೆಯ ಮಕ್ಕಳು ಬಂದ ಹಾಗೆ ಒಬ್ಬೊಬ್ಬರದ್ದೇ ಕೈ ಹಿಡಿದು ದಾಟಿಸುವುದು. ಬೇಸಿಗೆಯಲ್ಲಿ ತೋಡು ಒಣಗಿದರೂ ಬಿಡ್ಲಿಕ್ಕಿಲ್ಲ. ಆದಿತ್ಯವಾರ ಮಕ್ಕಳಿಲ್ಲದಿದ್ದರೂ ಕೂತಿರುವುದು. ಜನ ಮರ್ಲಿ ಅಂದರು. ಸಾಯುವ ವರ್ಷದವರೆಗೂ ಕೂತಿದ್ದರು. ಮತ್ತೆ ಒಂದು ಮಗುವೂ ಬೀಳಲಿಲ್ಲ ಟೀಚರೇ."

"ಅಮ್ಮನನ್ನು ಹಾಗೆ ಕರೆದರೆ ನಿಮಗೆ ಬೇಸರ ಇಲ್ಲವಾ?"

"ಬೇಸರಕ್ಕೇ ಊರು ಬಿಟ್ಟದ್ದು. ಆದರೆ ಅಮ್ಮನದ್ದು ಒಂದು ಫೋಟೋ ಇಲ್ಲ. ಮನೆ ಬಿದ್ದುಹೋಯ್ತು. ಕಟ್ಟೆಯನ್ನು ರೋಡು ಅಗಲ ಮಾಡುವಾಗ ತೆಗೆದರು. ಬಸ್ಸಲ್ಲಿ ಹೋಗುವಾಗ ಕಂಡಕ್ಟರು ಕೂಗ್ತಾನಲ್ಲ, ಆಗ ಮಾತ್ರ ಅಮ್ಮ ಇನ್ನೂ ಅಲ್ಲಿಯೇ ಇದ್ದಾರೆ ಅಂತ ಕಾಣ್ತದೆ. ಬೈಗುಳವೇ ಆಗಲಿ, ಇರಲಿ. ತೆಗೆಯಬೇಡಿ."

"ನೋಡುವ ದೂಮಣ್ಣ" ಎಂದೆ. ನಮ್ಮ ಕಡೆ "ನೋಡುವ" ಎಂದರೆ ಆಗುವುದಿಲ್ಲ ಎಂದೇ ಅರ್ಥ. ಅವರಿಗೂ ಅದು ಗೊತ್ತಿತ್ತು. ಮುಂದಿನ ವಾರ ಬೆಳ್ತಂಗಡಿಯಲ್ಲಿ ಫ್ಲೆಕ್ಸ್ ಮಾಡಿಸಿದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ, ಅರ್ಧ ಗಂಟೆಯಲ್ಲಿ ಸುರುಳಿ ಸುತ್ತಿ ಕೈಗೆ ಕೊಟ್ಟರು. ಬಸ್ಸಿನಲ್ಲಿ ಬರುತ್ತಾ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅವರು ಆ ಊರು ಬಿಟ್ಟು ಎಷ್ಟೋ ಕಾಲವಾಯಿತು, ಅಲ್ಲಿ ಬದುಕಬೇಕಾದವಳು ನನ್ನ ಮಗಳು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಆಮೇಲೆ ಬಹಳ ದಿನ ಅವರ ಅಂಗಡಿಯ ಮುಂದೆ ಹಾಯುವಾಗ ರಸ್ತೆಯ ಆಚೆ ಬದಿಯಲ್ಲೇ ನಡೆದೆ.

ಕೊನೆಯ ಸಲ ಅವರು ಸಿಕ್ಕಿದ್ದು ಮಡಂತ್ಯಾರಿನ ಬಸ್ ನಿಲ್ದಾಣದಲ್ಲಿ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅವರೇ ಮಾತಾಡಿಸಿದರು.

"ನಿನ್ನೆ ನಿಮ್ಮ ಕಡೆ ಬಂದಿದ್ದೆ ಟೀಚರೇ. ಕಂಡಕ್ಟರು ಶಾಂತಿನಗರ ಅಂತ ಕೂಗಿದ. ಬಸ್ಸಲ್ಲಿ ಯಾರೂ ನಗಲಿಲ್ಲ. ನಿಮ್ಮ ಮಗಳಿಗೆ ಒಳ್ಳೆಯದಾಯ್ತು."

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಇಳಿದು ಮನೆಗೆ ಬರಬಹುದಿತ್ತಲ್ಲ" ಎಂದೆ.

"ಇಳಿಯಲಿಲ್ಲ. ಅಲ್ಲಿ ನನಗೆ ಯಾರುಂಟು?"

ಈ ಮಳೆಗಾಲ ಶುರುವಾಗುವ ಮೊದಲು ಹಮೀದಾಕನ ಫೋನು ಬಂತು. ದೂಮಣ್ಣ ಬಾಗಿಲು ತೆರೆಯಲಿಲ್ಲವೆಂದು ಒಳಗೆ ಹೋಗಿ ನೋಡಿದರಂತೆ. ಮಲಗಿದಲ್ಲೇ ಹೋಗಿದ್ದರು. ನೆಂಟರೆಂದು ಹೇಳಿಕೊಳ್ಳಲು ಯಾರೂ ಬರಲಿಲ್ಲ. ಪೇಟೆಯವರೇ ಸೇರಿ ಮಣ್ಣು ಮಾಡಿದೆವು. ಮರಣ ಪ್ರಮಾಣಪತ್ರಕ್ಕೆ ಅರ್ಜಿ ಕೊಡಲು ಹಮೀದಾಕ ನನ್ನನ್ನು ಪಂಚಾಯಿತಿ ಕಚೇರಿಗೆ ಕರೆದುಕೊಂಡು ಹೋದರು. ಅರ್ಜಿಯಲ್ಲಿ ಅವರ ಹೆಸರು, ವಯಸ್ಸು, ಕಸುಬು ಬರೆದೆ. ಕೆಳಗೆ ತಾಯಿಯ ಹೆಸರು ಎಂದಿತ್ತು. ಹಮೀದಾಕನ ಮುಖ ನೋಡಿದೆ.

"ಮೂವತ್ತು ವರ್ಷ ಪಕ್ಕದಲ್ಲಿ ಕೂತೆ. ಅಮ್ಮ ಅಂತಲೇ ಹೇಳ್ತಿದ್ದದ್ದು, ಹೆಸರು ಹೇಳಲಿಲ್ಲ" ಎಂದರು.

ನಾನು ಅರ್ಜಿ ಹಿಡಿದುಕೊಂಡು ಊರಿಗೆ ಬಂದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಗಿರಿಜಕ್ಕ. ಮೊದಲು ಅವರನ್ನೇ ಕೇಳಿದೆ.

"ನನ್ನ ಮೂರು ಮಕ್ಕಳನ್ನೂ ಕೈ ಹಿಡಿದು ದಾಟಿಸಿದವಳು. ಹೆಸರು ನಾವು ಕೇಳಲೇ ಇಲ್ಲ ನೋಡಿ. ಮರ್ಲಿ ಅಂದರೆ ತಿರುಗಿ ನೋಡ್ತಿದ್ದಳು, ನಗಾಡ್ತಿದ್ದಳು."

ಉಳಿದ ಮನೆಗಳಿಗೂ ಹೋದೆ. ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲಿ ಬಂದದ್ದು, ನಾನು ಸಹಿ ಹಾಕಿಸಿ ತೆಗೆಸಿದ ಆ ಒಂದೇ ಹೆಸರು. ಮರುದಿನ ಕಚೇರಿಯ ಗುಮಾಸ್ತ ಅರ್ಜಿಯ ಮೇಲೆ ಕಣ್ಣಾಡಿಸಿ, "ಖಾಲಿ ಬಿಡಿ ಟೀಚರೇ, ನಡೀತದೆ" ಎಂದ.

ಖಾಲಿ ಬಿಟ್ಟು, ಕೆಳಗೆ ನನ್ನ ಸಹಿ ಹಾಕಿದೆ.