ಹಿನ್ನೀರಿನ ಆಚೆ ದಡ

ನಮ್ಮ ಕಾಸರಗೋಡಿನಲ್ಲಿ ಮರುವಾಯಿ ಎನ್ನುವ ಚಿಪ್ಪುಜೀವಿಗೆ ಕೊಚ್ಚಿಯಲ್ಲಿ ಕಕ್ಕ ಎನ್ನುತ್ತಾರೆ. ಅದರ ಮೇಲೆ ಸಂಶೋಧನೆ ಮಾಡುವುದು ನನ್ನ ಕೆಲಸ. ಹಿನ್ನೀರಿನ ತಳವನ್ನು ಬಾಚಿದಾಗ ದೊಡ್ಡದರ ಜೊತೆ ಕಾಳಿನಷ್ಟು ಸಣ್ಣ ಮರಿಗಳೂ ಬರುತ್ತವೆ. ಅವುಗಳಲ್ಲಿ ಮಾಂಸವೇ ಇರುವುದಿಲ್ಲ. ಚಿಪ್ಪು ಸುಣ್ಣದ ಗೂಡಿಗೆ ಹೋಗುತ್ತದೆ. ಮರಿಗಳನ್ನು ಬೆಳೆಯಲು ಬಿಟ್ಟರೆ ಮುಂದೆ ಎಲ್ಲರಿಗೂ ಹೆಚ್ಚು ಸಿಕ್ಕೀತೇ ಎಂದು ನೋಡಲು, ನೀರಿನ ನಡುವೆ ಒಂದು ಜಾಗದ ಸುತ್ತ ಬಿದಿರಿನ ಗೂಟ ಹೊಡೆಸಿದ್ದೆವು. ಮಳೆಗಾಲ ಮುಗಿಯುವ ತನಕ ಅದರೊಳಗೆ ಯಾರೂ ಬಾಚುವಂತಿಲ್ಲ.

ಇದಕ್ಕೆ ಊರವರನ್ನು ಒಪ್ಪಿಸಿದ್ದು ಈಚೆ ದಡದ ಒಬ್ಬ ಹೆಂಗಸು. ನಾನು ಅವರನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆ; ಅವರು ನನ್ನನ್ನು ಮೋಳೇ, ಮಗಳೇ, ಎನ್ನುತ್ತಿದ್ದರು. ಗಂಡನೊಡನೆ ದೋಣಿಯಲ್ಲಿ ಹೋಗಿ ಕಕ್ಕ ತಂದು, ದಡದಲ್ಲೇ ಬೇಯಿಸಿ ಮಾರುವವರು. ಅವರು ಹೇಳಿದ ಮೇಲೆ ಉಳಿದ ಹೆಂಗಸರು ಎದುರಾಡಲಿಲ್ಲ.

ಗೂಟ ಹೊಡೆದಂದಿನಿಂದ ನನ್ನ ನೆಮ್ಮದಿ ಹೋಯಿತು. ಜೋರು ಮಳೆ ಬಂದರೆ ಸಿಹಿನೀರು ಹೆಚ್ಚಾಗಿ ಮರಿಗಳು ಸತ್ತಾವು ಎಂಬ ಚಿಂತೆ, ಮಳೆ ನಿಂತರೆ ಯಾರಾದರೂ ದೋಣಿ ಇಳಿಸಿಯಾರು ಎಂಬ ಚಿಂತೆ. ಭಾನುವಾರವೂ ಕೊಚ್ಚಿಯ ಕಾಕ್ಕನಾಡಿನ ನಮ್ಮ ಫ್ಲ್ಯಾಟಿನಿಂದ ದಡಕ್ಕೆ ಹೊರಟು ನಿಲ್ಲುತ್ತಿದ್ದೆ.

"ನೀನು ಹೋಗಿ ನೋಡಿದ್ರೆ ಅದು ಬೇಗ ದೊಡ್ಡದಾಗ್ತದಾ?" ಬ್ಯಾಂಕಿನಲ್ಲಿರುವ ನನ್ನ ಗಂಡ ಕೇಳಿದರು.

"ಇಲ್ಲ. ಆದ್ರೆ ಇಲ್ಲಿ ಕೂತ್ರೆ ನಂಗೆ ತಲೆ ಕೆಡ್ತದೆ."

"ನೀನಾದ್ರೂ ಬರ್ತೀಯಾ?" ಎಂದು ನಾನು ಮಗಳನ್ನು ಕೇಳಿದರೆ, ಮೊಬೈಲಿನಿಂದ ಕಣ್ಣೆತ್ತದೆ "ಞಾನಿಲ್ಲ ಅಮ್ಮಾ" ಎಂದು, ತಾನು ಬರುವುದಿಲ್ಲವೆಂಬುದನ್ನು ಮಲಯಾಳದಲ್ಲೇ ಮುಗಿಸಿಬಿಟ್ಟಳು.

ಪ್ರಯೋಗವನ್ನು ಇನ್ನೂ ಕೆಲವು ಕಡೆ ಮಾಡಬಹುದೇ ಎಂದು ವಿವರಿಸಲು ತಿರುವನಂತಪುರದ ಮೀನುಗಾರಿಕೆ ಇಲಾಖೆಯಿಂದ ಕರೆ ಬಂತು. ಅಲ್ಲಿ ಅಧಿಕಾರಿಯ ಕೋಣೆಯ ಹೊರಗೆ ಅತ್ತಿಂದಿತ್ತ ಓಡಾಡುತ್ತಿದ್ದಾಗ ಚೇಚಿ ಫೋನ್ ಮಾಡಿದರು.

"ಮೋಳೇ, ಆಚೆ ದಡದವರು ದೋಣಿ ತಂದು ಗೂಟದೊಳಗೆ ಬಾಚ್ತಾ ಇದ್ದಾರೆ. ನಾವೂ ಇಳೀತೇವೆ."

"ಬೇಡ ಚೇಚಿ! ನಾಳೆ ಬೆಳಿಗ್ಗೆ ನಾನೇ ಬರ್ತೇನೆ. ಅವರ ಹತ್ರ ಮಾತಾಡುವ."

"ನಾಳೆಗೆ ಅಲ್ಲಿ ಕೆಸರು ಬಿಟ್ಟು ಏನೂ ಇರುದಿಲ್ಲ. ನಾವು ಇಷ್ಟು ದಿನ ಕೈಕಟ್ಟಿ ಕೂತದ್ದು ಅವರಿಗೋಸ್ಕರವಾ?"

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಅಷ್ಟರಲ್ಲಿ ಒಳಗಿನಿಂದ ನನ್ನನ್ನು ಕರೆದರು.

ಲ್ಯಾಪ್‌ಟಾಪ್ ತೆರೆದೆ. ಆದರೆ ಸಿದ್ಧಮಾಡಿಕೊಂಡು ಹೋದದ್ದು ಯಾವುದೂ ಬಾಯಿಗೆ ಬರಲಿಲ್ಲ. "ಸರ್, ನಾವು ಬಿಟ್ಟಿದ್ದ ಜಾಗದಲ್ಲಿ ಈಗ ಕಕ್ಕ ಬಾಚ್ತಾ ಇದ್ದಾರೆ. ಈಗಷ್ಟೇ ಫೋನ್ ಬಂತು."

ಅಧಿಕಾರಿ ಕನ್ನಡಕ ತೆಗೆದಿಟ್ಟರು. "ಯಾರು?"

"ಆಚೆ ದಡದವರು."

"ಅವರ ಒಪ್ಪಿಗೆ ಇತ್ತಾ?"

"ಅವರು ಅಷ್ಟು ದೂರ ಬರುವುದು ಕಡಿಮೆ ಸರ್. ಕೇಳಿರಲಿಲ್ಲ."

"ಕೇಳಿ ಬನ್ನಿ. ಆಮೇಲೆ ನೋಡೋಣ," ಎಂದರು. ಅಷ್ಟೇ.

ವಾಪಸು ಬರುವಾಗ ಸೀಟಿದ್ದರೂ ರೈಲಿನ ಬಾಗಿಲ ಬಳಿ ನಿಂತೇ ಇದ್ದೆ. ಕೊಲ್ಲಂ ಬಿಟ್ಟ ಮೇಲೆ ಸೇತುವೆಯ ಕೆಳಗೆ ದೋಣಿಗಳು ಕಂಡವು. ಯಾರೋ ತಮ್ಮ ಪಾಡಿಗೆ ಮೀನು ಹಿಡಿಯುತ್ತಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ದಡಕ್ಕೆ ಹೋದಾಗ ಚೇಚಿ ಒಲೆಗೆ ತೆಂಗಿನ ಗರಿ ತುರುಕುತ್ತಿದ್ದರು. ನನ್ನ ಮುಖ ನೋಡಲಿಲ್ಲ.

"ಬೈಲಿಕ್ಕೆ ಬಂದದ್ದಾದ್ರೆ ಬೈದುಬಿಡು."

"ಬೈಲಿಕ್ಕಲ್ಲ. ದೋಣಿ ಬಿಡಿ, ನೋಡುವ."

ಅವರ ಗಂಡ ಗೂಟದ ಅಂಚಿನಲ್ಲಿ ಮುಳುಗಿ ನೋಡಿದರು, ಬರೀ ಕೆಸರು. ನಡುವಿಗೆ ಹೋಗಿ ಮತ್ತೆ ಮುಳುಗಿದರು. ಎದ್ದು ಬಂದು ಅಂಗೈ ಬಿಚ್ಚಿದಾಗ ಅದರಲ್ಲಿ ಮರಿಗಳಿದ್ದವು, ಉಗುರಿನಷ್ಟು ಬೆಳೆದಿದ್ದವು. ನನಗೆ ಉಸಿರು ಬಂದಂತಾಯಿತು.

"ಅಂಚಿನಲ್ಲೇ ಜಗಳ ಹತ್ತಿತು. ಅವರ ದೋಣಿಯ ಒಂದು ಹುಟ್ಟು ಮುರಿಯಿತು. ನಡುವಿಗೆ ಯಾರೂ ಹೋಗಲೇ ಇಲ್ಲ," ಎಂದರು ಚೇಚಿ.

"ಆಚೆ ದಡಕ್ಕೆ ಹೋಗುವ."

"ಈಗಲಾ?"

"ಈಗಲೇ."

ಅಲ್ಲಿ ಒಬ್ಬ ಹಿರಿಯರು ಆ ಮುರಿದ ಹುಟ್ಟನ್ನೇ ಮುಂದಿಟ್ಟುಕೊಂಡು ಕೂತಿದ್ದರು. ನಾನು ಯಾರೆಂದು ಹೇಳಿದೆ. ಅವರು ಹುಟ್ಟನ್ನು ಬದಿಗೆ ಸರಿಸಿದರು. "ಗೂಟ ಕಂಡು, ಆ ಜಾಗವನ್ನು ಯಾವುದೋ ರೆಸಾರ್ಟಿಗೆ ಕೊಟ್ಟರು ಅಂತ ನಾವು ತಿಳಿದದ್ದು. ಹೇಗೂ ಕೈತಪ್ಪಿ ಹೋಗ್ತದೆ, ಸಿಕ್ಕಿದಷ್ಟು ತೆಗೆಯುವ ಅಂತ ಬಂದೆವು."

"ಒಂದು ಮಾತು ಕೇಳಬಹುದಿತ್ತಲ್ಲ!" ಎಂದರು ಚೇಚಿ.

"ನೀವು ಹೇಳಬಹುದಿತ್ತಲ್ಲ!"

ಇಬ್ಬರ ಜಗಳ ಮುಗಿಯುವಷ್ಟರಲ್ಲಿ ಯಾರೋ ಕಟ್ಟನ್ ಚಾಯ ತಂದರು. ಹಾಲಿಲ್ಲದ ಆ ಚಹಾ ಕುಡಿಯುತ್ತಲೇ ಗೂಟವನ್ನು ಎಲ್ಲಿಗೆ ಸರಿಸಬೇಕೆಂದು ಮಾತು ಶುರುವಾಯಿತು.

ಅಂಚು ಬಾಚಿಹೋದದ್ದರಿಂದ ಆ ವರ್ಷದ ಅಳತೆ ಯಾವ ಉಪಯೋಗಕ್ಕೂ ಬರಲಿಲ್ಲ. ಮುಂದಿನ ವರ್ಷ ಎರಡೂ ದಡದವರು ಸೇರಿ ಗೂಟ ಹೊಡೆದರು, ಸರದಿಯಲ್ಲಿ ಕಾವಲು ಕಾದರು. ಜಾಗ ತೆರೆದ ದಿನ ಬುಟ್ಟಿಗಳು ತುಂಬಿದ್ದವು. ಎಲ್ಲರೂ ನಗುತ್ತಿದ್ದರು. ಮರಿಗಳನ್ನು ಬಿಟ್ಟದ್ದರಿಂದ ಹೀಗಾಯಿತೋ, ಆ ಸಲ ನೀರೇ ಚೆನ್ನಾಗಿತ್ತೋ ಎಂದು ಹೇಳಲು ಒಂದು ವರ್ಷದ ಫಲ ಸಾಲದು. ಚೇಚಿಗೆ ಹಾಗೆಂದೆ.

"ನಿನಗೆ ಸಂಶಯದ ರೋಗ ಮೋಳೇ," ಎಂದು ಅವರು ಬುಟ್ಟಿ ಎತ್ತಿಕೊಂಡು ಹೋದರು. ನಾನು ಇನ್ನೊಂದು ಸಲ ತೂಕ ನೋಡಲು ತಕ್ಕಡಿಯವರ ಕಡೆ ಹೊರಟೆ.