‘ಬೇಡ’ ಅಂದಿದ್ದಕ್ಕೆ ಬಂದು ನಿಂತ ಲಾರಿಗಳು

ನೀವು ಒಂದು ಪದ ಬರೆದು, ಅದಕ್ಕೆ ಪೂರ್ತಿ ಉಲ್ಟಾ ಕೆಲಸ ಆಗಿಹೋದದ್ದು ಯಾವತ್ತಾದರೂ ಉಂಟಾ? ನನಗಾಯಿತು. ನಾನು ‘ಬೇಡ’ ಅಂತ ಬರೆದಿದ್ದೆ. ಹದಿನಾಲ್ಕು ಲಾರಿಗಳಿಗೆ ‘ಬನ್ನಿ’ ಅಂತ ಕರೆ ಹೋಯಿತು.

ಆಟಿಕೆ ಲಾರಿಗಳಲ್ಲ. ಹೊಗೆ ಬಿಡುವ, ಹಾರ್ನ್ ಹೊಡೆಯುವ, ಹಿಂದೆ ದೃಷ್ಟಿ ತಾಗದಿರಲಿ ಅಂತ ‘ಬುರೀ ನಜರ್’ ಬರೆಸಿಕೊಂಡ ಅಸಲಿ ಲಾರಿಗಳು.

ಹೋದ ಮಂಗಳವಾರ ಬೆಳಿಗ್ಗೆ. ಗುರುಗ್ರಾಮದ ಆಫೀಸಿಗೆ ಬಂದು ಇನ್ನೂ ಬ್ಯಾಗ್ ಕೆಳಗಿಟ್ಟಿರಲಿಲ್ಲ, ಮಾನೇಸರ್‌ನಿಂದ ಫೋನ್. ಅಲ್ಲಿ ಕಾರಿನ ಬ್ರೇಕಿಗೆ ಬಿಡಿಭಾಗ ಮಾಡುವ ಕಾರ್ಖಾನೆಯೊಂದಿದೆ. ಅವರ ಮಾಲು ಹೊರಲು ದಿನಾ ಯಾವ ಲಾರಿಗಳು ಬರಬೇಕು ಅಂತ ಹೇಳುವುದು ನಮ್ಮ ಪ್ರೋಗ್ರಾಮ್. ಫೋನಿನಲ್ಲಿ ಅಲ್ಲಿಯ ಲಾರಿ ವ್ಯವಸ್ಥೆ ನೋಡಿಕೊಳ್ಳುವ ಯಾದವ್‌ಜಿ. (ಮಾತೆಲ್ಲ ಹಿಂದಿಯಲ್ಲಿ. ನಿಮಗೋಸ್ಕರ ಕನ್ನಡ ಮಾಡುತ್ತಿದ್ದೇನೆ.)

“ಮೇಡಂಜಿ, ಏನ್ ಕಳಿಸಿದ್ದೀರಿ ಇದು? ಗೇಟ್ ಮುಂದೆ ಮ್ಯೂಸಿಯಂ ಆಗಿದೆ!”

ಫಿಟ್‌ನೆಸ್ ಸರ್ಟಿಫಿಕೇಟ್ ಮುಗಿದ ಲಾರಿ. ದೆಹಲಿಯೊಳಗೆ ಬಿಡದ ಹಳೇ ಡೀಸೆಲ್ ಲಾರಿ. ಬ್ರೇಕೇ ಹಿಡಿಯದ ಒಂದು ಲಾರಿ, ಬ್ರೇಕಿನ ಮಾಲು ಒಯ್ಯಲು! ಇನ್ನೊಬ್ಬ ಮಾಲೀಕ ಪಾಪ ಫೋನ್ ಮಾಡಿ ಕೇಳಿದ್ದನಂತೆ: “ಭಾಯಿಸಾಬ್, ನಮ್ಮ ಗಾಡಿ ಚಕ್ರ ಬಿಚ್ಚಿ ಇಟ್ಟಿಗೆ ಮೇಲೆ ನಿಲ್ಲಿಸಿದ್ದೀವಿ. ಆದರೂ ಬರಲೇಬೇಕಾ?”

ಚೆನ್ನಾಗಿದ್ದ ಲಾರಿಗಳು ಎಲ್ಲಿ? ಅವುಗಳ ಡ್ರೈವರುಗಳಿಗೆ ಮೆಸೇಜೇ ಹೋಗಿರಲಿಲ್ಲ. ಢಾಬಾದಲ್ಲಿ ಕೂತು ಪರಾಠಾ ತಿನ್ನುತ್ತಿದ್ದರು.

ಮಧ್ಯಾಹ್ನದೊಳಗೆ ಮಾಲು ತಲುಪದಿದ್ದರೆ ಕಾರು ಜೋಡಿಸುವ ಕಡೆ ಕೆಲಸ ನಿಲ್ಲುತ್ತದೆ. ಯಾದವ್‌ಜಿ ಮತ್ತು ನಾನು ಎರಡು ಗಂಟೆ ಒಬ್ಬೊಬ್ಬ ಡ್ರೈವರಿಗೂ ಫೋನ್ ಹಚ್ಚಿ ಕರೆಸಿದೆವು. ಮಾಲು ಹೋಯಿತು. ಬಚಾವ್.

ಆದರೆ ಹೀಗಾಗಿದ್ದು ಹೇಗೆ? ನನಗೆ ಸಿಟ್ಟಿಗಿಂತ ಕುತೂಹಲವೇ ಜಾಸ್ತಿ. ಕಂಪ್ಯೂಟರ್ ತಪ್ಪು ಮಾಡಿದರೆ ಎಲ್ಲ ಅಡ್ಡಾದಿಡ್ಡಿ ಆಗುತ್ತದೆ. ಇದು ಅಡ್ಡಾದಿಡ್ಡಿ ಅಲ್ಲ. ಬರಬಾರದ ಅಷ್ಟೂ ಲಾರಿಗಳು ಬಂದಿವೆ, ಬರಬೇಕಾದ ಒಂದೂ ಬಂದಿಲ್ಲ. ಇಷ್ಟು ಅಚ್ಚುಕಟ್ಟಾದ ತಪ್ಪನ್ನು ನಾನು ನೋಡಿಯೇ ಇರಲಿಲ್ಲ.

ನಮ್ಮ ಪ್ರೋಗ್ರಾಮಿನಲ್ಲಿ ಕರೆಯಬೇಕಾದ ಲಾರಿಗಳದೊಂದು ಪಟ್ಟಿ, ಕರೆಯಬಾರದವುಗಳದೊಂದು ಪಟ್ಟಿ. ಬೆಳಗಿನ ಮೆಸೇಜ್ ಕಳಿಸುವ ಭಾಗವನ್ನು ಹೊಸದಾಗಿ ಬರೆದವಳು ಜ್ಯೋತಿ. ಹರಿಯಾಣದ ರೋಹ್ಟಕ್ ಕಡೆಯವಳು, ಕೆಲಸಕ್ಕೆ ಸೇರಿ ಆರು ತಿಂಗಳು. ಆ ಶುಕ್ರವಾರವೇ ಅವಳ ಪ್ರೊಬೇಷನ್ ಮುಗಿಯುವುದಿತ್ತು. ಕೆಲಸ ಖಾಯಂ, ಇಲ್ಲವೇ ಮನೆಗೆ. ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

“ಜ್ಯೋತಿ, ಎಲ್ಲ ಬಿಟ್ಟು ಆ ಲಿಸ್ಟನ್ನೇ ಯಾಕೆ ತಗೊಂಡೆ?”

“ಮ್ಯಾಮ್, ನೀವೇ ಬರೆದಿದ್ದೀರಲ್ಲ. ಬೇಡಾ ಅಂತ.”

“ಅದೇ ಕಣಮ್ಮ, ಬೇಡ ಅಂತ ಬರೆದಿದೆ!”

“ಹಾಂ ಮ್ಯಾಮ್, ಬೇಡಾ ಅಂತ ಬರೆದಿತ್ತು, ಅದಕ್ಕೇ ತಗೊಂಡೆ!”

“ಬೇಡ ಅಂದಮೇಲೂ ಯಾಕೆ ತಗೊಂಡೆ?”

“ಬೇಡಾನ ತಗೊಳ್ಳದೆ ಇನ್ನೇನು ತಗೊಳ್ಳಲಿ ಮ್ಯಾಮ್?”

ಇಬ್ಬರೂ ಒಂದೇ ಪದವನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದೆವು. ಅಕ್ಕಪಕ್ಕದವರು ಹೆಡ್‌ಫೋನ್ ತೆಗೆದು ನೋಡತೊಡಗಿದರು. ಆಗ ನನಗೆ ಹೊಳೆಯಿತು.

ಹಿಂದಿಯಲ್ಲಿ ‘ಬೇಡಾ’ ಅಂದರೆ ಹಡಗುಗಳ, ವಾಹನಗಳ ದಂಡು. ಫ್ಲೀಟ್! ಕನ್ನಡದ ‘ಬೇಡ’ ಆದರೂ ಹಿಂದಿಯ ‘ಬೇಡಾ’ ಆದರೂ ಇಂಗ್ಲಿಷ್ ಅಕ್ಷರದಲ್ಲಿ ಒಂದೇ: ಬಿ, ಇ, ಡಿ, ಎ. ಲಾರಿಗಳ ಪ್ರೋಗ್ರಾಮಿನಲ್ಲಿ ‘ಬೇಡಾ’ ಅಂತ ಒಂದು ಪಟ್ಟಿ ಸಿಕ್ಕರೆ ಹರಿಯಾಣದ ಹುಡುಗಿ ಏನಂದುಕೊಳ್ಳಬೇಕು? ಪೂರ್ತಿ ಲಾರಿ ದಂಡು ಇಲ್ಲೇ ಇದೆ ಅಂತಲೇ ತಾನೆ? ಚೆನ್ನಾಗಿದ್ದ ಲಾರಿಗಳ ಪಟ್ಟಿಗೆ ನಾನಿಟ್ಟ ಹೆಸರು ‘ಲಿಸ್ಟ್ ಎರಡು’. (ನಗಬೇಡಿ. ಹೆಸರಿಡುವುದರಲ್ಲಿ ಪ್ರೋಗ್ರಾಮರುಗಳಷ್ಟು ಸೋಮಾರಿಗಳು ಬೇರೆ ಇಲ್ಲ.)

ಇಷ್ಟು ಇಂಗ್ಲಿಷ್ ನಡುವೆ ನನ್ನ ಕೈ ಕನ್ನಡ ಯಾಕೆ ಬರೆಯಿತು? ನೆನಪಿಸಿಕೊಂಡೆ. ನಾಲ್ಕು ವರ್ಷದ ಹಿಂದೆ ಯಾದವ್‌ಜಿ ಒಂದೊಂದೇ ಲಾರಿ ನಂಬರ್ ಓದುತ್ತಿದ್ದರು. ದೆಹಲಿಯ ಪೀತಮ್‌ಪುರದ ಸಂತೆಯಲ್ಲಿ ಬೀನ್ಸ್ ಆರಿಸುವ ಹಾಗೆ ನಾನು ಮನಸ್ಸಿನಲ್ಲೇ ‘ಇದು ಬೇಡ, ಇದೂ ಬೇಡ’ ಅಂತ ಪಕ್ಕಕ್ಕೆ ಹಾಕುತ್ತಿದ್ದೆ, ಆ ಪಟ್ಟಿಗೂ ಅದೇ ಹೆಸರು ಬಿತ್ತು. ಯಾವುದನ್ನಾದರೂ ಆರಿಸುವಾಗ ನಾನು ಕನ್ನಡದವಳು. ತರಕಾರಿ ಭಯ್ಯಾ ಹತ್ತಿರ ಚೌಕಾಸಿ ಮಾಡುವಾಗ ಮಾತ್ರ ಹಿಂದಿಯವಳು. ಕಂಪ್ಯೂಟರಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಅದಕ್ಕೆ ಬಿ, ಇ, ಡಿ, ಎ ಅಷ್ಟೇ.

ಇಲ್ಲಿಯವರೆಗೆ ತಮಾಷೆ. ಮುಂದಿನದು ಅಲ್ಲ.

ನಮ್ಮಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ‘ಓಕೆ’ ಅನ್ನಬೇಕು. ಜ್ಯೋತಿ ಬರೆದದ್ದನ್ನು ಓದಿ ‘ಓಕೆ’ ಅಂದವಳು ನಾನೇ. ಓದಿದ್ದೆನಾ? ನಿಜ ಹೇಳಲಾ? ಚಹಾ ಕುಡಿಯುತ್ತಾ ಸ್ಕ್ರೋಲ್ ಮಾಡಿದ್ದೆ. ಅಷ್ಟೇ.

ಬುಧವಾರ ಮೀಟಿಂಗ್. ‘ತಪ್ಪು ಯಾರದು’ ಅಂತ ತುಂಬಿಸುವ ಒಂದು ಫಾರ್ಮ್ ಇದೆ. ಒಂದೇ ಹೆಸರಿಗೆ ಜಾಗ. ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ನಮ್ಮೆಜಮಾನ್ರು ಕೇಂದ್ರ ಸರ್ಕಾರಿ ನೌಕರರು. ಫಾರ್ಮ್ ಅಂದರೆ ಅವರಿಗೆ ಪೂರ್ತಿ ಗೊತ್ತು.

“ಕೇಳದೇ ಇದ್ರೆ ನೀನಾಗಿ ಏನೂ ಹೇಳೋಕೆ ಹೋಗ್ಬೇಡ. ಅಪ್ರೈಸಲ್ ಹತ್ರ ಬಂತು,” ಅಂದರು.

ಮಗಳು ಫೋನಿನಿಂದ ತಲೆ ಎತ್ತಿ, ಓಕೆ ಅಂದವರು ಯಾರು ಅಂತ ಕೇಳಿದಳು. “ಅಮ್ಮಾ, ಓಕೆ ಕಿಸ್‌ನೇ ಕಿಯಾ ಥಾ?”

“ನಾನೇ.”

“ತೋ ಫಿರ್?” ಅಂದು ಮತ್ತೆ ಫೋನಿಗೆ ಬಗ್ಗಿದಳು. ಎರಡೇ ಪದ. ‘ಮತ್ತೇನು?’ ಅಂತ.

ಆದರೂ ಬುಧವಾರ ಏಳನೇ ಮಹಡಿಗೆ ಲಿಫ್ಟ್ ಏರುವಷ್ಟು ಹೊತ್ತೂ ‘ಸುಮ್ಮನಿದ್ದುಬಿಡಲಾ’ ಅಂತಲೇ ಯೋಚಿಸಿದೆ. ಮುಚ್ಚುಮರೆ ಏಕೆ?

ಮೀಟಿಂಗಿನಲ್ಲಿ ಮ್ಯಾನೇಜರ್ ಮೆಹ್ರಾ ಸಾಹೇಬರು ಪೆನ್ ತೆರೆದರು. “ಜ್ಯೋತಿ, ಆ ಲಿಸ್ಟ್ ತಗೊಳ್ಳೋಕೆ ಯಾರಾದರೂ ಹೇಳಿದ್ರಾ?”

ಜ್ಯೋತಿ ನನ್ನ ಕಡೆ ನೋಡಲೇ ಇಲ್ಲ. “ಇಲ್ಲ ಸರ್. ನಾನೇ ಅಂದ್ಕೊಂಡೆ.”

ಅವಳು ನೋಡಿದ್ದರೆ ಬಹುಶಃ ನಾನು ತಪ್ಪಿಸಿಕೊಳ್ಳುತ್ತಿದ್ದೆ. ನೋಡದೇ ಇದ್ದದ್ದೇ ಕಷ್ಟವಾಯಿತು.

“ಸರ್, ಹೆಸರಿಟ್ಟವಳು ನಾನು. ಓದದೆ ಓಕೆ ಅಂದವಳೂ ನಾನೇ. ಅದು ಕನ್ನಡ ಪದ.”

ಮೆಹ್ರಾ ಸಾಹೇಬರ ಪೆನ್ ನಿಂತಿತು. “ನೀವು ಕಂಪ್ಯೂಟರ್ ಜೊತೆ ಕನ್ನಡದಲ್ಲಿ ಮಾತಾಡ್ತೀರಾ?”

“ರೇಗಿದಾಗ ಸರ್.”

ನಕ್ಕರು. ಆಮೇಲೆ ಆ ಜಾಗದಲ್ಲಿ ನನ್ನ ಹೆಸರು ಬರೆದರು. ನಕ್ಕವರು ಬರೆಯುವುದಿಲ್ಲ ಅಂದುಕೊಂಡಿರಾ? ಬರೆಯುತ್ತಾರೆ.

ಇನ್ನು ಮುಂದೆ ಹೆಸರೆಲ್ಲ ಇಂಗ್ಲಿಷಿನಲ್ಲೇ ಇರಬೇಕು ಅಂತ ರೂಲ್ ಬಂತು. ಹಳೆಯದನ್ನು ಹುಡುಕಿ ತಿದ್ದುವ ಶಿಕ್ಷೆ ನನಗೆ. ಶಿಕ್ಷೆಯಾ ಅದು? ನನಗಂತೂ ಹಬ್ಬ. ಕೆಲಸ ಬಿಟ್ಟು ಚೆನ್ನೈಗೆ ಹೋದವರೊಬ್ಬರು ಒಂದು ಲೆಕ್ಕ ನಿಲ್ಲುವ ಕಡೆ ‘ಪೋದುಂ’ ಅಂತ ಹೆಸರಿಟ್ಟಿದ್ದರು. ತಮಿಳಿನಲ್ಲಿ ‘ಸಾಕು’ ಅಂತ. ಒಂದು ಕಡೆ ಯಾರೋ ‘ದೇಖ್ ಲೇಂಗೇ’ ಅಂತ ಬರೆದಿಟ್ಟಿದ್ದಾರೆ, ನೋಡೋಣ ಅಂತ. ಇವತ್ತಿನವರೆಗೆ ಯಾರೂ ನೋಡಿಲ್ಲ. ಮತ್ತೊಂದು ಕಡೆ ‘ಜುಗಾಡ್ ಫೈನಲ್ ಎರಡು’, ಹೇಗೋ ತೇಪೆ ಹಾಕಿದ್ದು ಅಂತ. ಬರೆದವರ ಹೆಸರು ನೋಡಿದೆ. ಮೆಹ್ರಾ ಸಾಹೇಬರು, ಅವರೂ ಪ್ರೋಗ್ರಾಮರ್ ಆಗಿದ್ದ ಕಾಲದ್ದು. (ಅದನ್ನು ತಿದ್ದಿಲ್ಲ. ಅಪ್ರೈಸಲ್ ಹತ್ತಿರ ಬಂತು ಅಂದೆನಲ್ಲ.)

ಶುಕ್ರವಾರ ಜ್ಯೋತಿಗೆ ಖಾಯಂ ಆದ ಪತ್ರ ಬಂತು. ಬರ್ಫಿ ಡಬ್ಬಿ ಹಿಡಿದು ನನ್ನ ಟೇಬಲ್ಲಿಗೇ ಮೊದಲು ಬಂದಳು.

“ಮ್ಯಾಮ್, ಬೇಡ ಅಂದ್ರೆ ನಹೀ ಚಾಹಿಯೇ. ಹಾಗಾದ್ರೆ ಚಾಹಿಯೇ ಅನ್ನೋದಕ್ಕೆ ಏನು?”

“ಬೇಕು.”

ಒಂದು ಕ್ಷಣ ಯೋಚಿಸಿದಳು. “ಆ ಹೆಸರು ಇಡದೇ ಇದ್ದಿದ್ದು ಒಳ್ಳೇದಾಯ್ತು ಮ್ಯಾಮ್. ನಾನು ಯಾರೋ ‘ಬೇಕೂಫ್’ ಅಂತ ಬರೆಯೋಕೆ ಹೋಗಿ ಅರ್ಧಕ್ಕೆ ನಿಲ್ಲಿಸಿದ್ದಾರೆ ಅಂದ್ಕೋತಿದ್ದೆ.”

ಮೊನ್ನೆ ಉಸಿರು ಬಿಡಲೂ ಹೆದರುತ್ತಿದ್ದ ಹುಡುಗಿ. ಖಾಯಂ ಆದದ್ದೇ ತಡ, ನನ್ನನ್ನೇ ಛೇಡಿಸುತ್ತಾಳೆ!

ಈಗ ನಿಮ್ಮ ಸರದಿ. ಪರವೂರಲ್ಲಿ ನಿಮ್ಮ ಮನೆಮಾತಿನ ಒಂದು ಪದ ಏನೇನು ಅವಾಂತರ ಮಾಡಿತು? ಬರೆದು ಕಳಿಸಿ, ಓದಲು ಕಾಯುತ್ತಿದ್ದೇನೆ. ಒಂದೇ ಒಂದು ಷರತ್ತು: ಆವತ್ತು ಬೈಸಿಕೊಂಡದ್ದು ನೀವಾ, ನಿಮ್ಮ ಬದಲು ಬೇರೆ ಯಾರಾದರೂನಾ, ಅದನ್ನೂ ಬರೆಯಬೇಕು.