ಹೂವನ್ನು ಅವಳ ಕೈಗೇ ಕೊಡಿ

ಯಗಟಿಯಿಂದ ಅಜ್ಜಂಪುರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ, ಆ ಮನೆಯಲ್ಲಿ ನನಗೆ ಎಲ್ಲರಿಗಿಂತ ಸೋಜಿಗವಾಗಿ ಕಂಡವಳು ನನ್ನ ನಾದಿನಿ. ಮದುವೆ ವಯಸ್ಸಿನ ಹುಡುಗಿ, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮುದ್ದೆಗೆ ಸಾರು ತಾಗಿದರೆ ಊಟ ಬಿಟ್ಟೇಳುತ್ತಿದ್ದಳು. ಯಾರಾದರೂ ಮೈ ಮುಟ್ಟಿದರಂತೂ ಕಿರುಚುತ್ತಿದ್ದಳು. ಊರವರು ಜಂಬ ಎಂದರು, ಗಾಳಿ ಸೋಕಿದೆ ಎಂದರು. ಐವತ್ತರ ದಶಕದ ಕೊನೆಯ ಆ ದಿನಗಳಲ್ಲಿ ಆಟಿಸಂ ಎಂಬ ಮಾತು ನಮ್ಮ ಯಾರ ಕಿವಿಗೂ ಬಿದ್ದಿರಲಿಲ್ಲ. ನನಗೋ ಎಲ್ಲವನ್ನೂ ಕೆದಕುವ ಚಾಳಿ. ಹೇಗಿದ್ದೀಯ ಎಂದರೆ ಬಾಯಿ ಬಿಡದವಳು, ಬಾವಿಯಲ್ಲಿ ನೀರು ಎಲ್ಲಿಗಿದೆ ಎಂದರೆ ಮಧ್ಯಾಹ್ನದವರೆಗೂ ಮಾತಾಡುತ್ತಿದ್ದಳು. ಸರಿ, ನಾನು ದಿನಾ ಬಾವಿಯ ವಿಚಾರವನ್ನೇ ತೆಗೆದೆ.

ತರೀಕೆರೆಯಿಂದ ಗಂಡಿನ ಕಡೆಯವರು ಬಂದ ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಬಾಯಿಗೆ ಬೀಗ ಹಾಕಿಕೊಂಡಿರು ಎಂದರು. ನಾದಿನಿ ತಲೆ ತಗ್ಗಿಸಿ ಕೂತಳು, ಕೇಳಿದ ಯಾವುದಕ್ಕೂ ಉತ್ತರ ಕೊಡಲಿಲ್ಲ. ಬಂದವರಿಗೆ ಅದೇ ಹಿಡಿಸಿಬಿಡಬೇಕೇ! ಎಂಥ ನಾಚಿಕೆ, ಎಂಥ ವಿನಯ ಎಂದು ಹೊಗಳಿದ್ದೇ ಹೊಗಳಿದ್ದು. ಅತ್ತೆಯ ಮುಖ ಅರಳಿತು. ನನಗೆ ಮಾತ್ರ ಒಂದೇ ಯೋಚನೆ. ಆ ಮನೆಯಲ್ಲಿ ಇವಳಿಗೆ ಸಾರನ್ನು ಬೇರೆ ಇಡುವವರು ಯಾರು?

ಗಂಡಿನ ತಾಯಿ ಹೂ ಮುಡಿಸಲು ಎದ್ದರು. ಹೂ ಮುಡಿಸಿದರೆ ಹೆಣ್ಣನ್ನು ಒಪ್ಪಿದಂತೆ. ಅವರ ಕೈ ಜಡೆಯ ಹತ್ತಿರ ಹೋದಾಗ ನಾದಿನಿ ಸೆರಗನ್ನು ಹಿಂಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಮುಟ್ಬೇಡಿ ಕಣ್ರಮ್ಮ, ಹೂವ ಅವಳ ಕೈಗೇ ಕೊಡಿ" ಎಂದುಬಿಟ್ಟೆ. ಬಾಯಿ ಬಿಟ್ಟ ಮೇಲೆ ಮುಚ್ಚಿಡುವುದೇನು ಎಂದು ಸಾರಿನ ವಿಚಾರ, ಕಿರುಚುವ ವಿಚಾರ ಎಲ್ಲವನ್ನೂ ಹೇಳಿದೆ. ಅತ್ತೆ ದುರುಗುಟ್ಟಿ ನೋಡಿದರು.

ಆ ತಾಯಿ ಸಿಟ್ಟಾಗಲಿಲ್ಲ. ತಮ್ಮ ತವರಿನಲ್ಲಿ ಅಣ್ಣನ ಮಗನೂ ಅಂಥವನೇ, ಆದರೆ ಅವನಿಗೆ ಮಾತೇ ಇಲ್ಲ, ಕಂಡವರನ್ನೆಲ್ಲ ತಬ್ಬಿಕೊಳ್ಳುತ್ತಾನೆ ಎಂದರು. ಆಗಲೂ ನನ್ನ ಚಾಳಿ ಬಿಡಲಿಲ್ಲ. ಅವನು ತಬ್ಬುವವನು, ಇವಳು ಮುಟ್ಟಿಸಿಕೊಳ್ಳದವಳು, ಇಬ್ಬರೂ ಒಂದೇ ಥರ ಹೇಗಾದಾರು ಎಂದು ಕೇಳಿದೆ.

"ಒಂದೇ ಥರ ಅಲ್ಲ ಕಣವ್ವ" ಎಂದರು ಅವರು. "ಇಬ್ರನ್ನೂ ಮನೇರು ಬಚ್ಚಿಡ್ತಾರೆ, ಅದೊಂದೇ ಸಮ."

ಆಮೇಲೆ ನಾದಿನಿಯಿಂದ ಒಂದಿಷ್ಟು ದೂರದಲ್ಲಿ ಕೂತು, ನಮ್ಮ ಮನೆಗೆ ಬಂದರೆ ನಿನಗೆ ಏನೇನು ಬೇಕು ಎಂದು ಅವಳನ್ನೇ ಕೇಳಿದರು. ಬೇಕು ಬೇಡ ಎಂದು ನಮ್ಮಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಅವಳು ಗೋಡೆ ನೋಡುತ್ತಾ ಉತ್ತರ ಕೊಟ್ಟಳು.

"ಸಾರು ಬ್ಯಾರೆ ಬಟ್ಲಲ್ಲಿ. ಯಾರೂ ಮುಟ್ಬಾರ್ದು. ಅತ್ತಿಗೆ ಬರ್ಬೇಕು."

ಬಟ್ಟಲು ಬೇರೆ ಇಡೋಣ, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳೋಣ, ಅತ್ತಿಗೆ ಮಾತ್ರ ಬರಲಾಗದು ಎಂದು ಆ ತಾಯಿ ಮೆಲ್ಲಗೆ ಹೇಳಿದರು.

"ಹಂಗಾರೆ ನಾನೂ ಬರಲ್ಲ" ಎಂದು ನಾದಿನಿ ಎದ್ದು ಒಳಗೆ ಹೋದಳು.

ಒಂದು ದಿನವೂ ನನ್ನ ಮುಖ ನೋಡಿದವಳಲ್ಲ ಅವಳು. ಬಂದವರ ಎದುರೇ ನಾನು ಗಳಗಳನೆ ಅತ್ತುಬಿಟ್ಟೆ.